ಉಚ್ಚೆಂಗಮ್ಮನ ಒಪ್ಪತ್ತು

ಕಡ್ಡಿರಾಂಪುರದಲ್ಲಿ ಹಂಪಿ ರಸ್ತೆಯ ಬದಿಗೆ ಮಿರ್ಚಿ ಕರಿಯುತ್ತಿದ್ದ ಉಚ್ಚೆಂಗಮ್ಮನ ಮೈ ನೋಡಿ ಗಿರಾಕಿಗಳು ನಗುತ್ತಿದ್ದರು. "ಈಕಿ ಕುಂತ್ರ ಸಾಕು, ಅಂಗಡಿಗೆ ಬೋರ್ಡು ಯಾಕ?" ಎನ್ನುವರು. ಅವಳೂ ನಗುವಳು. ನಗದೆ ಏನು ಮಾಡಿಯಾಳು, ವ್ಯಾಪಾರ ನಡೆಯಬೇಕಲ್ಲ. ಆದರೆ ಎರಡೂ ಮೊಣಕಾಲು ಸವೆದುಹೋಗಿದ್ದವು. ಹಿತ್ತಲಿನ ಪಾಯಖಾನೆಗೆ ಹೋಗಲೂ ಗಂಡ ಭರಮಣ್ಣನ ಹೆಗಲು ಬೇಕು. ನೋವಿಗಿಂತ ಆ ನಾಚಿಕೆಯೇ ಅವಳನ್ನು ತಿಂದಿತ್ತು. ಒಬ್ಬಳೇ ಎದ್ದು ಹಿತ್ತಲಿಗೆ ಹೋಗಿಬರುವಷ್ಟು ಕಾಲು ಬೇಕು, ಅವಳ ಆಸೆ ಅಷ್ಟೇ.

ಆ ಮೈ ಒಂದೇ ದಿನಕ್ಕೆ ಬಂದದ್ದಲ್ಲ. ಬಾಣಂತಿಯಾಗಿದ್ದಾಗ ತೂಕ ನೋಡಿದ ನರ್ಸು, "ಮೈಕೈ ತುಂಬ್ಕೊಂಡೀ, ಛಲೋ ಆತು" ಎಂದಿದ್ದಳು. ಆಮೇಲೆ ಊರಿಗೆ ಬಂದ ಆರೋಗ್ಯ ಶಿಬಿರದವರು ಸಕ್ಕರೆ ಕಾಯಿಲೆ ಎಂದು ಗುಳಿಗೆ ಕೊಟ್ಟು ಹೋದರು. ದಿನವಿಡೀ ಎಣ್ಣೆಯ ಮುಂದೆ ಕೂತು, ಉಳಿದ ಮಿರ್ಚಿ ಮಂಡಕ್ಕಿಯನ್ನೇ ಊಟ ಮಾಡುವವಳನ್ನು, ಏನು ತಿನ್ನುತ್ತೀ ತಾಯಿ ಎಂದು ಕೇಳಿದವರು ಒಬ್ಬರೂ ಇಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎನ್ನುತ್ತಾರೆ. ಇವಳ ಪಾಲಿಗೆ ತೋಡಲೂ ಯಾರೂ ಬರಲಿಲ್ಲ.

ಹೊಸಪೇಟೆಯ ಆಸ್ಪತ್ರೆಯೊಂದರಲ್ಲಿ ರೇಷನ್ ಕಾರ್ಡು ತೋರಿಸಿದರೆ ಮೊಣಕಾಲಿನ ಆಪರೇಷನ್ ಪುಕ್ಕಟೆ ಎಂದು ಯಾರೋ ಹೇಳಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ!

"ಈ ತೂಕಕ್ಕ ಹೊಸಾ ಕೀಲು ನಿಲ್ಲಂಗಿಲ್ಲ. ಇಳಿಸ್ಕೊಂಡು ಬರ್ರಿ," ಎಂದರು ಡಾಕ್ಟರು.

"ಹೆಂಗ ಇಳಿಸ್ಲಿ ಸಾಹೇಬ್ರ? ನಡ್ಯಾಕ ಕಾಲಿಲ್ಲ."

"ಬಾಯಿ ಕಟ್ರಿ," ಎಂದವರೇ ಮುಂದಿನವರನ್ನು ಕರೆದರು.

ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂದು ಹೇಳಿಕೊಡುವ ಆಹಾರ ತಜ್ಞೆಯ ಕೋಣೆ ಪಕ್ಕದಲ್ಲೇ ಇತ್ತು. ಅದಕ್ಕೆ ಬೀಗವೂ ಇತ್ತು.

ಮನೆಗೆ ಬಂದು ಉಚ್ಚೆಂಗಮ್ಮ ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿದಳು. ಹುಲಿಗೆಮ್ಮನಿಗೆ ಹರಕೆ ಹೊತ್ತು, ಕಾಲು ಸರಿಹೋಗುವ ತನಕ ದಿನಾ ಒಪ್ಪತ್ತು ಎಂದಳು. ಸಂಜೆ ದೀಪ ಹಚ್ಚುವವರೆಗೆ ನೀರು ಬಿಟ್ಟರೆ ಬೇರೇನೂ ಇಲ್ಲ.

"ಇಷ್ಟು ಕಠಿಣ ಬ್ಯಾಡಲೇ," ಎಂದ ಭರಮಣ್ಣ.

"ದೇವ್ರ ಹೆಸ್ರಲ್ಲಿ ಕಟ್ಟಿದ್ರ ಬಾಯಿ ಗಟ್ಟಿ ಇರ್ತೈತಿ, ಸುಮ್ಕಿರ್ರಿ."

ಸಕ್ಕರೆ ಗುಳಿಗೆಯನ್ನು ಮಾತ್ರ ಬೆಳಿಗ್ಗೆ ತಪ್ಪದೆ ನುಂಗಿದಳು. ತಪ್ಪಿಸಬಾರದು ಎಂದು ಶಿಬಿರದವರು ಹೇಳಿದ್ದರು, ಗುಳಿಗೆ ನುಂಗಿದರೆ ಒಪ್ಪತ್ತೇನೂ ಕೆಡುವುದಿಲ್ಲ. ಪಾಪ, ಎರಡೂ ಕಡೆ ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದಳು.

ಮೈ ಇಳಿಯತೊಡಗಿತು. ರವಿಕೆ ಸಡಿಲಾದಾಗ ಅವಳಿಗೆ ಹಿಗ್ಗೋ ಹಿಗ್ಗು. ಒಂದು ಮಧ್ಯಾಹ್ನ ಮಿರ್ಚಿ ಬಿಡುತ್ತಿದ್ದವಳಿಗೆ ಮೈಯೆಲ್ಲ ಬೆವರಿ, ಕೈ ನಡುಗಿ, ಕಣ್ಣು ಕತ್ತಲೆಯಾಯಿತು. ಬೀಳುವಾಗ ಬಲಗೈ ಕಾದ ಬಾಣಲೆಗೆ ಹೋಯಿತು.

"ಉಪಾಸ ಇದ್ದು ಈ ಗುಳಿಗಿ ನುಂಗಿದ್ರ ಜೀವಾನ ಹೋಗ್ತೈತಿ. ಯಾರೂ ಹೇಳಿದ್ದಿಲ್ಲೇನು?" ಎಂದು ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಕಟ್ಟಿದ ನರ್ಸು ಬೈದಳು.

ಯಾರೂ ಹೇಳಿರಲಿಲ್ಲ.

ಗಾಯ ಒಣಗುತ್ತ ಬಂದಾಗ ಅದೇ ಡಾಕ್ಟರ ಮುಂದೆ ಹೋದಳು. ತೂಕ ನೋಡಿ ಅವರು ಖುಷಿಪಟ್ಟರು. "ಮನಸ್ಸು ಮಾಡಿದ್ರ ಆಗ್ತೈತಿ ನೋಡ್ರಿ!"

"ಹಂಗಾದ್ರ ಆಪರೇಷನ್ ಮಾಡ್ತೀರೇನ್ರಿ?"

ಆಗ ಅವರ ಕಣ್ಣು ಅವಳ ಕೈ ಮೇಲೆ ಬಿತ್ತು. ಬೆರಳುಗಳು ಒಂದಕ್ಕೊಂದು ಅಂಟಿ ಸೆಟೆದಿದ್ದವು. "ಆಮ್ಯಾಲ ವಾಕರ್ ಹಿಡಿದು ನಡೀಬೇಕಲ್ರೀ. ಈ ಕೈಲಿ ಹೆಂಗ ಹಿಡೀತೀರಿ? ಸದ್ಯಕ್ಕ ಆಗಂಗಿಲ್ಲ. ತೂಕ ಮಾತ್ರ ಮತ್ತ ಏರಬಾರ್ದು."

ಅಂಗಡಿ ಮುಚ್ಚಿತು. ಮೊದಲು ಗಂಡನ ಹೆಗಲಷ್ಟೇ ಬೇಕಿತ್ತು. ಈಗ ತುತ್ತಿಡಲೂ ಅವನೇ, ಹಿತ್ತಲಿಗೆ ಕರೆದೊಯ್ದು ತೊಳೆಯಲೂ ಅವನೇ. ಅವನು ತೊಳೆಯುವಾಗ ಅವಳು ಗೋಡೆಯ ಕಡೆ ಮುಖ ತಿರುಗಿಸುತ್ತಾಳೆ. ಹಿತ್ತಲಿಗೆ ಹೋಗುವುದು ಕಡಿಮೆಯಾಗಲಿ ಎಂದು ಉಚ್ಚೆಂಗಮ್ಮ ಈಗ ನೀರು ಕುಡಿಯುವುದನ್ನೂ ಬಿಡುತ್ತಿದ್ದಾಳೆ.