ಪರಕಾರದ ಅಂಚಿನ ಮಡಿಕೆ

ನಿಜಾಮರ ಕೊನೆಗಾಲದಲ್ಲಿ ಸುರಪುರದ ನಮ್ಮ ಮನೆಯಲ್ಲಿ ಹುಡುಗಿಯರ ಪರಕಾರಗಳನ್ನು, ಅಂದರೆ ಉದ್ದ ಲಂಗಗಳನ್ನು, ಅವ್ವನೇ ಕೈಯಲ್ಲಿ ಹೊಲಿಯುತ್ತಿದ್ದಳು. ಯುದ್ಧದ ದೆಸೆಯಿಂದ ಅಂಗಡಿಯಲ್ಲಿ ಅರಿವೆ ಸಿಗುವುದೇ ಕಷ್ಟವಾಗಿತ್ತು. ಹಾಗಾಗಿ ಬೆಳೆಯುವ ಮಕ್ಕಳಿಗೆ ಉದ್ದವಾಗಿಯೇ ಕತ್ತರಿಸಿ, ಹೆಚ್ಚಾದದ್ದನ್ನು ಅಂಚಿನಲ್ಲಿ ಎರಡು ಮಡಿಕೆ ಮಾಡಿ ಒಳಗೆ ಹೊಲಿದಿಡುವಳು.

ದೋರನಹಳ್ಳಿಯಲ್ಲಿ ಚಿಕ್ಕವ್ವನ ಮದುವೆ ಬಂದಾಗ ನನ್ನ ಪರಕಾರ ಮೊಳಕಾಲಿನ ಹತ್ತಿರ ಏರಿತ್ತು. ಅವ್ವ ಒಂದು ಮಡಿಕೆ ಬಿಚ್ಚಿದಳು. ಮೇಲೆಲ್ಲ ಒಗೆದೊಗೆದು ಮಾಸಿದ ಬಣ್ಣ, ಕೆಳಗೆ ಅಚ್ಚ ಕೆಂಪು ಪಟ್ಟಿ!

"ಎಲ್ಲಾರೂ ನಗ್ತಾರವ್ವಾ, ನಾ ಬರಂಗಿಲ್ಲ" ಎಂದು ನಾನು ಅಳತೊಡಗಿದೆ.

"ನಿನ್ನ ಯಾರ್ ನೋಡ್ತಾರ? ಮದುಮಗಳ್ನ ನೋಡ್ತಾರ, ನಡಿ" ಎಂದು ಅವ್ವ ಎಳೆದುಕೊಂಡೇ ಹೋದಳು.

ಊಟದ ಪಂಕ್ತಿಯಲ್ಲಿ ಕಾಲು ಮುದುಡಿ, ಪಟ್ಟಿ ಮುಚ್ಚಿಕೊಂಡು ಕುಳಿತೆ. ಪಕ್ಕದ ಹುಡುಗಿ ಬಗ್ಗಿ ನೋಡಿಯೇಬಿಟ್ಟಳು. ಆದರೆ ನಗಲಿಲ್ಲ. ಅವಳ ಹಸಿರು ಪರಕಾರದಲ್ಲೂ ಅಂಥದೇ ಪಟ್ಟಿಯಿತ್ತು. ಅದರ ಮೇಲೆ ಬೆರಳಿಟ್ಟು ಅಳೆದು, "ನಾ ಮೂರು ಬಟ್ಟು ಬೆಳದೀನಿ. ನೀ ಎಷ್ಟು ಬೆಳದಿಯೇ?" ಎಂದಳು.

ನಾನೂ ಬೆರಳಿಟ್ಟು ನೋಡಿದೆ. ನಾಲ್ಕು!

ಎಲೆ ಬಿಟ್ಟೆದ್ದು ಅವ್ವನ ಹತ್ತಿರ ಓಡಿದೆ. "ಇನ್ನೊಂದ್ ಮಡಿಕಿನೂ ಬಿಚ್ಚಬೇ!"

"ಈಗ ಬಿಚ್ಚಿದ್ರ ಅಂಗಳದ ಕಸಾ ಹೊಡಿತದ ಅದು. ಹೋಗು, ಮದ್ಲ ಉಣ್ಣು" ಎಂದು ಅವ್ವ ನಕ್ಕಳು.