ಮಿಲ್ಲಿನ ಗೇಟಿನಲ್ಲಿ ಎಲ್ಲರೂ ನಾಯಿಮರಿಯನ್ನೇ ಮಾತಾಡಿಸಿದರು

ಗೆಳೆಯರೇ, ಮುಷ್ಕರ ಮುಗಿದ ದಿನ ಮಿಲ್ಲಿನವರು ಮಾತು ಕೊಟ್ಟಿದ್ದರು. ಕುಡಿಯುವ ನೀರಿಗೆ ನಲ್ಲಿ ಹಾಕಿಸ್ತೀವಿ, ಯಾರನ್ನೂ ಕೆಲಸದಿಂದ ತೆಗೆಯಲ್ಲ. ನಲ್ಲಿ ಬರಲಿಲ್ಲ. ಮುಷ್ಕರದಲ್ಲಿ ಮುಂದೆ ನಿಂತಿದ್ದ ನನ್ನನ್ನು ತೆಗೆದರು. ನನ್ನ ಜೊತೆ ಮಾತಾಡಿದವರಿಗೂ ಅದೇ ಗತಿ ಅಂತ ಮೇಸ್ತ್ರಿ ಸಾರಿಬಿಟ್ಟ.

ಮೂರು ತಿಂಗಳಿಂದ ನನ್ನ ಹತ್ತಿರ ಬರುವುದು ಒಂದು ನಾಯಿಮರಿ ಮಾತ್ರ. ಅದಕ್ಕೂ ಜನ ಕಂಡರೆ ಭಯ, ನನ್ನ ಪಂಚೆಯೊಳಗೆ ನುಗ್ಗುತ್ತೆ. ರೂಢಿಯಾಗಲಿ ಅಂತ ಇವತ್ತು ಪಾಳಿ ಬಿಡುವ ಹೊತ್ತಿಗೆ ಮಿಲ್ಲಿನ ಗೇಟಿಗೆ ಕರೆದೊಯ್ದೆ.

ನನ್ನ ಪಕ್ಕದ ಮಗ್ಗದಲ್ಲೇ ಆರು ವರ್ಷ ದುಡಿದ ಶಾಮನೂರಿನ ಬಸಣ್ಣ ಹೊರಗೆ ಬಂದ. ನನ್ನ ಮುಖ ನೋಡಲಿಲ್ಲ. ಕುಕ್ಕರಗಾಲಲ್ಲಿ ಕೂತು ಮರಿಯ ತಲೆ ಸವರಿದ.

"ಯಾಕಪಾ, ಬಾಳ ಸೊರಗೀಯಲ್ಲ. ಹೊತ್ತೊತ್ತಿಗೆ ಉಣ್ತೀಯೋ ಇಲ್ಲೋ?"

ಮರಿ ಗುಂಡಗೆ ಐತೆ. ಸೊರಗಿದವನು ನಾನು.

"ಏಯ್ ಬಸ್ಯಾ, ಯಾರ ಜೊತೆ ಮಾತು?" ಮೇಸ್ತ್ರಿ ಗೇಟಿನಿಂದಲೇ ಗದರಿದ.

"ನಾಯಿ ಜೊತೆ ರೀ. ಅದಕ್ಕೂ ನೋಟೀಸ್ ಕೊಟ್ಟೀರೇನು?"

ಆಮೇಲೆ ಸಾಲೇ ಹತ್ತಿತು. ನೂಲುವ ಖಾತೆಯ ಹನುಮಕ್ಕ ಮರಿಯ ಮುಂದೆ ಎರಡು ಜೋಳದ ರೊಟ್ಟಿ ಇಟ್ಟು, "ಒಂದು ನೀ ತಿನ್ನು, ಒಂದು ಮನೀಗೆ ಒಯ್ಯಿ" ಅಂದಳು. ಇನ್ನೊಬ್ಬ ಅದರ ಕಿವಿ ಹಿಡಿದು, "ಸಂಘದ ಮುಂದಿನ ಸಭೆ ಎಲ್ಲಿ, ಯಾವತ್ತಪಾ?" ಅಂತ ಕೇಳಿದ.

ಇಷ್ಟು ಜನ ವಿಚಾರಿಸಿದರು. ಒಬ್ಬರೂ ಕಣ್ಣೆತ್ತಿ ನನ್ನನ್ನು ನೋಡಲಿಲ್ಲ.

ನಾನೂ ಬಗ್ಗಿ ಮರಿಗೇ ಹೇಳಿದೆ, ಮೇಸ್ತ್ರಿಗೂ ಕೇಳಿಸುವಷ್ಟು ಜೋರಾಗಿ: "ಸಭೆಯಲ್ಲಾದರೂ ಮನುಷ್ಯರ ಮುಖ ನೋಡಿ ಮಾತಾಡೋದು ಕಲಿ. ಆನೆಕೊಂಡದ ಬೇವಿನ ಕಟ್ಟೆ, ಭಾನುವಾರ, ಸಂಜೆ ನಾಲ್ಕು ಗಂಟೆ."