ಟೊಂಕದಲ್ಲಿ ಮೊಳೆತ ಮೆಣಸಿನ ಬೀಜ

೧೯೮೪ರ ಮುಂಗಾರು. ನಾನು ಮಸ್ಕಿಯಿಂದ ಬಳಗಾನೂರಿಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮಕ್ಕಳೇ, ಆಗ ನನಗೆ ಎಷ್ಟು ನಾಚಿಕೆಯೆಂದರೆ, ಅತ್ತೆಯ ಹತ್ತಿರ ಏನಾದರೂ ಬೇಕಿದ್ದರೆ ನಿಮ್ಮ ತಾತನಿಂದ ಕೇಳಿಸುತ್ತಿದ್ದೆ.

ಹಿಂದಿನ ವರ್ಷ ನಮ್ಮ ಮೆಣಸಿನ ಸಸಿಮಡಿ ಸರಿಯಾಗಿ ಹುಟ್ಟದೆ ಹಾಳಾಗಿತ್ತಂತೆ. "ಈ ಸಲನೂ ಅಗಿ ಏಳಲಿಲ್ಲಂದ್ರ ಹೊಲಕ್ಕ ಏನು ಹಚ್ಚೋದು?" ಎಂದು ತಾತನಿಗೆ ಸಸಿಯದೇ ಚಿಂತೆ. ಸಿಂಧನೂರಿನಲ್ಲಿ ಕೃಷಿ ಇಲಾಖೆಯವರೊಬ್ಬರು ಅವರಿಗೆ, ಕಪ್ಪು ಚುಕ್ಕೆಯ ಕಾಯಿಯ ಬೂಷ್ಟು ಬೀಜಕ್ಕೂ ಹತ್ತಿರುತ್ತದೆ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಬೆಚ್ಚಗಿಟ್ಟು ಮೊಳಕೆ ನೋಡಿ ಎಂದಿದ್ದರು. ಬೀಜಕ್ಕೆಂದು ಒಲೆಯ ಮೇಲೆ ತೂಗುಹಾಕಿದ್ದ ಕಾಯಿಯ ಸರ ಅತ್ತೆ ತಮ್ಮ ಕೈಯಾರೆ ಪೋಣಿಸಿದ್ದು. ತಾತ ಇದನ್ನು ಹೇಳಿದಾಗ ಅವರು, "ನನ್ನ ಬೀಜಕ್ಕ ಪರೀಕ್ಷಾ ಇಡಾಕ ಅವನ್ಯಾವನಲೇ?" ಎಂದುಬಿಟ್ಟರು.

ತಾತ ನನಗೆ ಮೆಲ್ಲಗೆ, "ನೀನ ನೋಡು, ಅವ್ವಗ ಗೊತ್ತಾಗಬಾರದು" ಎಂದರು.

ಚುಕ್ಕೆಯವು ಕೆಲವು, ಚುಕ್ಕೆಯಿಲ್ಲದವು ಕೆಲವು ಕಿತ್ತು, ಬೀಜ ಬಿಡಿಸಿ ಬೇರೆ ಬೇರೆ ಗಂಟು ಕಟ್ಟಿದೆ. ಚುಕ್ಕೆಯಿಲ್ಲದ ಕಾಯಿಯದಕ್ಕೆ ಕೆಂಪು ದಾರ. ಬೆಚ್ಚಗಿಡುವುದೆಲ್ಲಿ? ಒಲೆಯ ಮುಂದೆ ಅತ್ತೆ, ಹೊರಗೆ ಜಿಟಿಜಿಟಿ ಮಳೆ. ಕೊನೆಗೆ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ನನ್ನ ಹೊಟ್ಟೆಗೇ ಕಟ್ಟಿಕೊಂಡೆ! ಮೇಲೆ ಸೆರಗು. ವಾರವಿಡೀ ನೀರು ಚಿಮುಕಿಸುತ್ತ ಹಾಗೇ ತಿರುಗಾಡಿದೆ. ತುರಿಸುತ್ತಿತ್ತು, ತಡೆದುಕೊಂಡೆ.

ಅಷ್ಟರಲ್ಲಿ ಲಿಂಗಸುಗೂರಿನಿಂದ ದೊಡ್ಡ ನಾದಿನಿ ಶರಣಮ್ಮ ಬಂದರು. ಅವತ್ತು ನೀರು ಹೆಚ್ಚಾಗಿತ್ತೋ ಏನೋ, ನಾನು ರೊಟ್ಟಿ ಬಡಿಯುತ್ತಿದ್ದಾಗ ಖಾರ ಸೋರಿ ಟೊಂಕವೆಲ್ಲ ಉರಿಯತೊಡಗಿತು. ಕಣ್ಣಲ್ಲಿ ನೀರು. ಹೊಟ್ಟೆ ಹಿಡಿದುಕೊಂಡು ಮುದುಡಿ ಕುಳಿತೆ.

ನಾದಿನಿ ನನ್ನ ಉಬ್ಬಿದ ಸೆರಗು ನೋಡಿದರು. "ಯವ್ವಾ, ಸೊಸಿ ಬಸರದಾಳ! ಆಕಿ ಕೈಲೆ ರೊಟ್ಟಿ ಬಡಿಸಾಕತ್ತೀಯಲ್ಲ, ಕಣ್ಣಿಲ್ಲೇನು ನಿನಗ?"

ಅತ್ತೆ ಓಡಿಬಂದರು. "ಎಷ್ಟು ತಿಂಗಳಾತವ್ವಾ? ಹೇಳಬಾರದೇನು?"

"ಅಲ್ರೀ... ಬೀಜ ರೀ... ಉರಿಯಾಕತ್ತೈತ್ರೀ!"

ಕಟ್ಟು ಸಡಿಲಿಸಿದ್ದೇ ತಡ, ಗಂಟುಗಳು ನೆಲಕ್ಕೆ ಬಿದ್ದವು. ನಾದಿನಿ ಗೋಡೆಗೆ ಒರಗಿ ನಕ್ಕರು. ಅತ್ತೆ ನಗಲಿಲ್ಲ. ನನ್ನ ಟೊಂಕಕ್ಕೆ ಬೆಣ್ಣೆ ಹಚ್ಚಿದರು, ಆಮೇಲೆ ಗಂಟು ಬಿಚ್ಚಿದರು. ಕೆಂಪು ದಾರದ ಗಂಟಿನಲ್ಲಿ ಬೀಜಗಳು ಬೆಳ್ಳಗೆ ಬಾಲ ಬಿಟ್ಟಿದ್ದವು. ಇನ್ನೊಂದು ಚುಕ್ಕೆ ಕಾಯಿಯದು ಎಂದೆ; ಅದರಲ್ಲಿ ಬರೀ ಬೂದು ಬೂಷ್ಟು. ಬೀಜ ಕೊಳೆತು ಬೆರಳಿಗೆ ಮೆತ್ತಿತು.

"ಇದನ್ನ ಮಡಿಗೆ ಹಾಕಾಕ ಹೊಂಟಿದ್ನಲ್ಲ!" ಎಂದ ಅತ್ತೆ, ಸಿಟ್ಟಿನಲ್ಲಿ ಸರದ ಚುಕ್ಕೆಯ ಕಾಯಿಗಳನ್ನೆಲ್ಲ ಕಿತ್ತು ಒಲೆಗೆ ಸುರಿದರು. ಅಬ್ಬಾ, ಆ ಘಾಟು! ಮೂವರೂ ಕೆಮ್ಮುತ್ತ ಓಣಿಗೆ ಓಡಿದೆವು.

ಪಕ್ಕದ ಮನೆಯಾಕೆ ಮೂಗು ಮುಚ್ಚಿಕೊಂಡು ಬಂದಳು. "ಯಾರ ದೃಷ್ಟಿ ತೆಗದೀಬೇ ಇಷ್ಟು ಜೋರಾಗಿ?"

"ಬೀಜದ್ದವ್ವಾ, ಬೀಜದ್ದು!" ಎಂದರು ಅತ್ತೆ, ಕೆಮ್ಮುತ್ತಲೇ. ಆಗ ನಕ್ಕರು.

ಆರಿಸಿದ ಬೀಜ ಹಾಕಿದ ಆ ವರ್ಷ ಮಡಿ ತುಂಬ ಹಸಿರು. ನಮ್ಮ ಹೊಲಕ್ಕೆ ಹಚ್ಚಿ ಉಳಿದ ಸಸಿಯನ್ನು ಅತ್ತೆ ಓಣಿಗೆಲ್ಲ ಹಂಚಿದರು.

ಮರುವರ್ಷ ನಿಮ್ಮಪ್ಪ ಹುಟ್ಟಿದ. ತೊಟ್ಟಿಲು ನೋಡಲು ಬಂದವರಿಗೆಲ್ಲ ಅತ್ತೆ, "ಇವನೇನು ಚೊಚ್ಚಲಲ್ಲ, ಮೆಣಸಿನಕಾಯಿ ಅಣ್ಣ ಅದಾನ ಇವಗ" ಎನ್ನುತ್ತಿದ್ದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆ.

ಇವತ್ತಿಗೂ ಬೀಜದ ಕಾಯಿ ಆರಿಸಲು ಕುಳಿತರೆ ಟೊಂಕ ಬೆಚ್ಚಗಾಗುತ್ತದೆ, ಒಬ್ಬಳೇ ನಗುತ್ತೇನೆ. ನಿಮ್ಮಪ್ಪ ಸಿಟ್ಟಾದಾಗ ನೀವು ಹೆದರಬೇಡಿ. ಅದು ಅವನ ಅಣ್ಣನ ಖಾರ.